ಬಳಗಾನೂರಾಕಿಯ ಹಾಡು

ಲಿಂಗಸುಗೂರಿನ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಬೆಳಿಗ್ಗೆ ಯಾರಾದರೂ ಜೋಳದ ರೊಟ್ಟಿ ಬಡಿಯಲು ಶುರು ಮಾಡಿದರೆ ನನ್ನ ಕೈಯಲ್ಲಿನ ಕೆಲಸ ನಿಂತುಬಿಡುತ್ತದೆ. ಆ ಸಪ್ಪಳದ ಹಿಂದೆಯೇ ಒಂದು ದನಿ ಬರಬೇಕೆಂದು ಕಿವಿ ಕಾಯುತ್ತದೆ. ಬರುವುದಿಲ್ಲವೆಂದು ಗೊತ್ತಿದ್ದೂ ಕಾಯುವ ಈ ಹುಚ್ಚು ಕಿವಿಗೆ ಏನು ಹೇಳಲಿ!

ಮಸ್ಕಿಯ ಬಸ್ ನಿಲ್ದಾಣದ ಎದುರು ನಮ್ಮಜ್ಜಿಯ ಖಾನಾವಳಿ ಇತ್ತು. ಮುಂದಿನ ಪಡಸಾಲೆಯಲ್ಲಿ ಉಣ್ಣುವವರು, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರಾಚೆ ನಾವು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಬಳಗಾನೂರಾಕಿ. ಬಳಗಾನೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಅಜ್ಜಿಯ ಕೈಗೆ ಕೈಯಾದವಳು. ಬಡಿತವೇ ಅವಳ ತಾಳ. ಅದರ ಮೇಲೆ ತತ್ವಪದ ಎತ್ತಿದಳೆಂದರೆ ಪಡಸಾಲೆಯಲ್ಲಿ ತುತ್ತು ಬಾಯಿಗೆ ಹೋಗುವುದು ತಡವಾಗುತ್ತಿತ್ತು. “ಒಲಿಯ ಉರಿ ಆರೀತವ್ವಾ, ಒಳಗಿನ ಉರಿ...” ಎನ್ನುವಷ್ಟರಲ್ಲಿ ರೊಟ್ಟಿ ಅಗಲವಾಗಿರುತ್ತಿತ್ತು. ಹಾಡನ್ನು ಅಲ್ಲೇ ನಿಲ್ಲಿಸಿ, ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿದ ಮೇಲೆಯೇ “ಎಂದಾರೀತ” ಎನ್ನುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದರೂ ಬಸ್ಸಿನ ಡ್ರೈವರ್ ಏಳುತ್ತಿರಲಿಲ್ಲ. “ತಡಿಯೋ, ರೊಟ್ಟಿ ತಿರುವಲಿ. ಪದಾ ಅರ್ಧಕ್ಕ ಬಿಟ್ಟು ಎಲ್ಲಿಗೆ ಹೋಗೂದು?” ಆ ಮೌನವೂ ಹಾಡಿನದೇ ಎಂದು ನಾನೂ ಅಕ್ಕನೂ ತಿಳಿದಿದ್ದೆವು. ಶಾಲೆಯಲ್ಲಿ ಒಮ್ಮೆ ಹಾಗೆಯೇ ಹಾಡಿ, ನಡುವೆ ಬಾಯಿ ಮುಚ್ಚಿ ನಿಂತೆವು. ಮರೆತೆವೆಂದು ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಜ್ಜಿ ಹೋದಳು, ಖಾನಾವಳಿ ಮುಚ್ಚಿತು, ರಸ್ತೆ ಅಗಲವಾಗಿ ಆ ಮನೆಯೇ ಇಲ್ಲವಾಯಿತು. ಬಳಗಾನೂರಾಕಿ ಒಂದು ಗಂಟು ಹಿಡಿದು ತವರಿಗೆ ಹೋದಳು. ಈಗ, ತಲೆ ನರೆತ ಮೇಲೆ, ಅವಳ ದನಿ ಬೇಕೆಂದು ಜೀವ ಒದ್ದಾಡುತ್ತದೆ. ಹಿಂದೆ ಊರೂರಿನ ಭಜನೆ ಹಾಡುಗಳ ಕ್ಯಾಸೆಟ್ ಮಾಡಿ ಮಾರುತ್ತಿದ್ದ ಸಿಂಧನೂರಿನ ಅಂಗಡಿಗೆ ಹೋದೆ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮುದುಕ ಮಾಲೀಕರು ಕೇಳಿದರು: “ಹಾಡಾಕಿ ಹೆಸರೇನ್ರೀ? ಹೆಸರಿಲ್ಲದs ಹೆಂಗ ಹುಡುಕೂದು?” ನನಗೆ ಗೊತ್ತಿರಲಿಲ್ಲ. ದನಿ ಹೋದರೆ ಹೋಗಲಿ, ಹೆಸರಾದರೂ ಸಿಗಲಿ ಎಂದು ಬಳಗಾನೂರಿನ ಬಸ್ ಹತ್ತಿದೆ.

ಅಲ್ಲಿ ಕಟ್ಟೆಯ ಮೇಲೆ ಕೂತ ಮುದುಕಿಯನ್ನು “ಬಳಗಾನೂರಾಕಿ ಮನಿ ಎಲ್ಲೈತಬೇ?” ಎಂದು ಕೇಳಿದೆ.

“ಇಲ್ಲಿ ಎಲ್ಲಾರೂ ಬಳಗಾನೂರಾಕ್ಯಾರs ಅದೀವಿ, ನಿನಗ ಯಾಕಿ ಬೇಕಬೇ?” ಎಂದು ನಕ್ಕಳು. ಮಸ್ಕಿ, ಖಾನಾವಳಿ, ರೊಟ್ಟಿ ಎಂದೆಲ್ಲ ಹೇಳಿದ ಮೇಲೆ ನಗು ಇಳಿಯಿತು. “ಮಸ್ಕಿಯಾಕಿ ಅನ್ನು! ನಮ್ಮ ನಾದಿನಿ ಆಕಿ. ತೀರಿ ಹೋಗಿ ಭಾಳ ವರ್ಷ ಆತು.”

ಕೊಟ್ಟ ಊರಿನಲ್ಲಿ ತವರಿನ ಹೆಸರು, ತವರಿನಲ್ಲಿ ಕೊಟ್ಟ ಊರಿನ ಹೆಸರು. ನಮ್ಮ ಕಡೆ ಹೆಣ್ಣುಮಕ್ಕಳ ಹಣೆಬರಹವೇ ಇದು.

“ಇಲ್ಲಿ ಹಾಡ್ತಿದ್ಲೇನು?”

“ಎಲ್ಲೀದವ್ವಾ. ಕಾಲುವಿ ನೀರಿನ ಊರು, ಬೆಳಿಯೂದು ನೆಲ್ಲು, ಎರಡೂ ಹೊತ್ತು ಅನ್ನ. ಹಾಡಬೇ ಅಂದ್ರ, ರೊಟ್ಟಿ ಇಲ್ಲ, ತಾಳ ಎಲ್ಲಿಂದ ತರ್ಲಿ ಅಂತಿದ್ಲು.”

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ದೊಡ್ಡ ದನಿ ಅನ್ನದ ಮುಂದೆ ಸುಮ್ಮನೆ ಕೂತಿತ್ತು. ಕಣ್ಣೊರೆಸಿಕೊಂಡು ಹೆಸರು ಕೇಳಿದೆ. ನೀಲವ್ವ ಎಂದಳು.

ಬಸ್ಸಿಗೆ ಕಾಯುತ್ತ, ಸಿಂಧನೂರಿಗೆ ಕೊಟ್ಟ ಅಕ್ಕನಿಗೆ ಫೋನ್ ಮಾಡಿದೆ. “ನೀಲವ್ವ ತೀರಿಕೊಂಡಾಳಂತ ಅಕ್ಕಾ.”

“ಯಾವ ನೀಲವ್ವ?”

“ನಮ್ಮ ಬಳಗಾನೂರಾಕಿ.”

 ಅಕ್ಕ ಸಣ್ಣ ದನಿಯಲ್ಲಿ ಹಾಡತೊಡಗಿದಳು. “ಒಲಿಯ ಉರಿ ಆರೀತವ್ವಾ, ಒಳಗಿನ ಉರಿ...” ಎಂದು ನಿಲ್ಲಿಸಿದಳು. ನಾನೂ ಬಾಯಿ ಬಿಡಲಿಲ್ಲ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಇಬ್ಬರೂ ಹಾಗೆಯೇ ಫೋನ್ ಹಿಡಿದುಕೊಂಡು ಕಾದೆವು.