ಬೀರುವಿಗೆ ಬೀಗ, ಬಾಯಿಗೆ?

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದನ್ನು ನನ್ನ ಗಂಡ ಮದುವೆಯಾದ ವಾರದಲ್ಲೇ ಕಂಡುಹಿಡಿದರು. ನನಗೆ ಗೊತ್ತಾಗಲು ಮೊನ್ನೆ ಮೊನ್ನೆಯವರೆಗೆ ಬೇಕಾಯಿತು. ವಿಜಯನಗರದ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ ನಾನು. ಯಾರಿಗೆ ಯಾವ ಸಬ್ಜೆಕ್ಟು ಬಾಕಿ, ಯಾರ ಹಾಜರಿ ಕಡಿಮೆ, ಎಲ್ಲ ಬಾಯಿಪಾಠ. "ಫೈಲ್ ಯಾಕ್ರೀ ತೆಗೀತೀರಾ, ಪದ್ಮಾ ಮೇಡಂನ ಕೇಳಿ" ಎಂದು ಪ್ರಿನ್ಸಿಪಾಲರೇ ಹೇಳುತ್ತಾರೆ. ಅದನ್ನು ಹೊಗಳಿಕೆ ಎಂದುಕೊಂಡು ನಾನು ಉಬ್ಬಿದ್ದೇ ಉಬ್ಬಿದ್ದು.

ಈಚೆಗೆ ಒಂದು ಗುರುವಾರ ಮಾರೇನಹಳ್ಳಿಯ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ನಮ್ಮ ಬಿ.ಕಾಂ. ಹುಡುಗಿ ರೇಣುಕಾಳ ತಾಯಿ. ರಾಯಚೂರಿನ ಕಡೆಯಿಂದ ಬಂದು ಲಗ್ಗೆರೆಯಲ್ಲಿ ಮನೆ ಮಾಡಿರುವವರು, ಗಾರ್ಮೆಂಟ್ಸ್ ಕೆಲಸ. ಅಡ್ಮಿಷನ್ ದಿನ ನೋಡಿದ್ದ ನೆನಪಿನಿಂದ ಕೈಹಿಡಿದುಕೊಂಡರು. "ಹ್ಯಾಂಗ ಓದಾಕತ್ತಾಳ್ರೀ ಮೇಡಂ ನಮ್ಮ ಹುಡುಗಿ?"

ಸುಮ್ಮನೆ 'ಚೆನ್ನಾಗಿ' ಅಂದಿದ್ದರೆ ಆಗುತ್ತಿತ್ತು. ನಾನೋ, ಸಮಾಧಾನ ಹೇಳುವ ಮಹಾತಾಯಿ! "ಎರಡು ಸಬ್ಜೆಕ್ಟ್ ಹೋಗಿದೆ ಅಂತ ತಲೆ ಕೆಡಿಸ್ಕೋಬೇಡಿ, ಮುಂದಿನ ಸಲ ಪಾಸಾಗ್ತಾಳೆ" ಅಂದೆ.

ಆಕೆಯ ಮುಖ ಬಿಳಿಚಿಕೊಂಡಿತು. "ಹೋಗ್ಯಾವೇನ್ರೀ? ಎಲ್ಲಾ ಪಾಸಂತ ಹೇಳಿದ್ಲಲ್ರೀ! ಫೇಲ್ ಆದ್ರ ಕಾಲೇಜ್ ಬಿಡಿಸಿ ಲಗ್ನ ಮಾಡ್ತೀನಂತ ಅವರಪ್ಪ ಕುಂತಾರ್ರೀ." ಆರಿಸಿಟ್ಟಿದ್ದ ಸೊಪ್ಪನ್ನೂ ಅಂಗಡಿಯಲ್ಲೇ ಬಿಟ್ಟು ಹೊರಟೇಬಿಟ್ಟರು. ನಾನು ಬದನೆಕಾಯಿ ಹಿಡಿದುಕೊಂಡು ನಿಂತೆ.

ಶುಕ್ರವಾರ ರೇಣುಕಾ ಬರಲಿಲ್ಲ. ಶನಿವಾರವೂ ಇಲ್ಲ. ಹಾಜರಿ ಪುಸ್ತಕವನ್ನು ನೆಪ ಮಾಡಿಕೊಂಡು ನಾಲ್ಕು ಸಲ ತೆಗೆದೆ. ತೆಗೆದಷ್ಟು ಸಲವೂ ಅವಳ ಹೆಸರಿನ ಮುಂದೆ ಖಾಲಿ. ಫೋನ್ ಮಾಡೋಣವೆಂದರೆ ಅವಳ ಅರ್ಜಿಯಲ್ಲಿರುವುದು ಅಪ್ಪನ ನಂಬರು. ಅವರು ಎತ್ತಿದರೆ ನನ್ನ ಬಾಯಿ ಇನ್ನೇನು ಉದುರಿಸೀತೋ ಎಂದು ನನಗೇ ಭಯ.

ನನ್ನ ಗ್ರಹಚಾರಕ್ಕೆ ಅದೇ ಶನಿವಾರ ಮಧ್ಯಾಹ್ನ ಸಿಬ್ಬಂದಿಗೆಲ್ಲ ತರಬೇತಿ: ವಿದ್ಯಾರ್ಥಿಗಳ ದಾಖಲೆ ಕಾಪಾಡುವುದು ಹೇಗೆ ಅಂತ. ಎಳೆಯ ವಯಸ್ಸಿನ ತರಬೇತುದಾರ ಪರದೆಯ ಮೇಲೆ ದೊಡ್ಡದೊಂದು ಬೀಗದ ಚಿತ್ರ ತೋರಿಸಿದ. ಬೀರುವಿಗೆ ಬೀಗ ಹಾಕಿ, ಕಂಪ್ಯೂಟರ್ ಬಿಟ್ಟೇಳುವಾಗ ಲಾಕ್ ಮಾಡಿ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಅಂಟಿಸಬೇಡಿ. ಕ್ಯಾಷಿಯರ್ ಮೆಲ್ಲನೆ ಎದ್ದು ಹೋಗಿ ತಮ್ಮ ಚೀಟಿ ಕಿತ್ತು ಬಂದರು. ಆಮೇಲೆ ಅವನೆಂದ: "ಅಪ್ಪ ಅಮ್ಮನೇ ಕೇಳಿದ್ರೂ, ಬಾಯಿಮಾತಲ್ಲಿ ಕೂಡ ಮಾರ್ಕ್ಸ್ ಹೇಳ್ಬೇಡಿ ಮೇಡಂ. ಮೊದಲು ಸ್ಟೂಡೆಂಟ್‌ನ ಕೇಳಿ." ನನ್ನನ್ನೇ ನೋಡಿ ಹೇಳಿದ ಅನ್ನಿಸಿ ಬೆವೆತುಹೋದೆ. ಪಾಪ, ನಾನು ಮೊದಲ ಸಾಲಿನಲ್ಲಿ ಕೂತಿದ್ದೆ, ಅಷ್ಟೇ.

ಗುಟ್ಟು ಎಂಬ ಪದವೇ ನಮ್ಮ ಕಾಲದ ಪರೀಕ್ಷೆಗಳಿಗೆ ಗೊತ್ತಿರಲಿಲ್ಲ ನೋಡಿ. ಎಸ್ಸೆಸ್ಸೆಲ್ಸಿ ನಂಬರುಗಳು ಪೇಪರಿನಲ್ಲಿ ಬರುತ್ತಿದ್ದವು. ಬಾರದ ನಂಬರು ಯಾರದೆಂದು ಇಡೀ ಬೀದಿಗೆ ತಿಳಿಯುತ್ತಿತ್ತು. ರಾಜಾಜಿನಗರದ ನಮ್ಮ ಗೇಟಿನ ಹೊರಗೆ ನಿಂತು ಎದುರುಮನೆಯ ಅಂಕಲ್ "ನಿನ್ನ ನಂಬರ್ ಇಲ್ವಲ್ಲಮ್ಮಾ" ಎಂದು ಕೂಗಿದ್ದು ನನಗಿನ್ನೂ ಕೇಳಿಸುತ್ತದೆ. ಹೌದು, ಗಣಿತದಲ್ಲಿ ನಾನು ಢಮಾರ್. ಒಂದು ಸಲವಲ್ಲ, ಎರಡು ಸಲ. ಆಮೇಲೆ ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದೆ. ನಾಲ್ಕು ಬಸ್ ಸ್ಟಾಪು ದಾಟಿದರೆ ಸಾಕು, ಚರಿತ್ರೆ ಬದಲಾಗುತ್ತದೆ. ಕೌಂಟರಿಗೆ ಬರುವ ಮಕ್ಕಳಿಗೆಲ್ಲ "ನಾನು ಎಲ್ಲಾ ಫಸ್ಟ್ ಅಟೆಂಪ್ಟ್ ಕಣ್ರೋ, ಟ್ಯೂಷನ್ನೂ ಇಲ್ಲ" ಎಂದು ಇಪ್ಪತ್ತೆರಡು ವರ್ಷದಿಂದ ಬುರುಡೆ ಬಿಟ್ಟುಕೊಂಡು ಬಂದಿದ್ದೇನೆ. ರೇಣುಕಾಳಿಗೂ ಎಷ್ಟು ಸಲ ಹೇಳಿದ್ದೇನೋ.

ಬುಧವಾರ ಅವಳು ಬಂದಳು. ಕಣ್ಣು ಊದಿಕೊಂಡಿತ್ತು. ಕಿಟಕಿಯಲ್ಲಿ ಮರುಪರೀಕ್ಷೆಯ ಅರ್ಜಿ ನೀಡಿದಳು. "ಅವ್ವ ಅಪ್ಪನ ಕೈಕಾಲು ಹಿಡಿದು ಒಂದ್ ಚಾನ್ಸ್ ಕೊಡಿಸ್ಯಾಳ್ರೀ. ಈ ಸಲ ಹೋದ್ರ ಮುಗೀತು."

"ನಾನು ಹೇಳಬಾರದಿತ್ತು ಕಣೇ. ತಪ್ಪಾಯ್ತು" ಅಂದೆ. 'ಇರಲಿ ಬಿಡ್ರೀ' ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

"ಹೌದ್ರೀ, ಹೇಳಬಾರದಿತ್ತು. ನಾನಽ ಹೇಳಾಕಿದ್ದೆ. ಒಂದೆಂಟು ದಿನ ಬೇಕಾಗಿತ್ತು ನನಗ." ಪೆನ್ನಿನ ಕ್ಯಾಪು ಹಾಕುತ್ತಾ, ದನಿ ತಗ್ಗಿಸಿದಳು. "ಹೋದ ವರ್ಷ ಹಳೇ ಫೈಲ್ ಸ್ಕ್ಯಾನ್ ಮಾಡಾಕ ನಮ್ಮನ್ನ ಕರೆದಿದ್ರಲ್ರೀ. ಅದರಾಗ ನಿಮ್ಮ ಫೈಲೂ ಇತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮೂರಿದ್ವು. ನಾ ಯಾರಿಗೂ ಹೇಳಿಲ್ರೀ."

ನನಗೆ ಕುಳಿತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಹೋದ ವರ್ಷದಿಂದ ಈ ಹುಡುಗಿ ಇದೇ ಕಿಟಕಿಯಲ್ಲಿ ನಿಂತು ನನ್ನ ಫಸ್ಟ್ ಅಟೆಂಪ್ಟಿನ ಪುರಾಣ ಕೇಳಿದ್ದಾಳೆ, ತಲೆಯಾಡಿಸಿದ್ದಾಳೆ, ಗೆಳತಿಯರ ಜೊತೆ ಒಂದು ಸಲವೂ ಕಿಸಕ್ಕೆಂದಿಲ್ಲ. ಅವಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ನನಗೆ ಕೊಟ್ಟ ತರಬೇತಿಯ ಪ್ರಮಾಣಪತ್ರ ಅಲ್ಲೇ ಮೇಜಿನ ಮೇಲಿತ್ತು; ಮೆತ್ತಗೆ ಡ್ರಾಯರಿಗೆ ತಳ್ಳಿದೆ.

ಪರೀಕ್ಷೆಗೆ ಇನ್ನೂ ಹದಿನಾಲ್ಕು ದಿನ. ಬರೆಯುವವಳು ಅವಳು, ರಾತ್ರಿ ನಿದ್ದೆ ಬಿಟ್ಟವಳು ನಾನು. ನಿನ್ನೆ ಮಾರೇನಹಳ್ಳಿಯಲ್ಲಿ ಮತ್ತೆ ಅವರಮ್ಮ ಸಿಕ್ಕರು. ದೂರದಿಂದಲೇ ನೋಡಿ ನಾನು ಹೂಕೋಸಿನ ರಾಶಿಯ ಹಿಂದೆ ಸರಿದೆ, ಉಪಯೋಗವಾಗಲಿಲ್ಲ. "ಈ ಸಲಾರ ಪಾಸ್ ಆಗ್ತಾಳೇನ್ರೀ? ಮೊನ್ನೆ ಕಾಲೇಜ್ ಟೆಸ್ಟಿನಾಗ ಎಷ್ಟು ಬಂದಾವ್ರೀ?"

ಎಷ್ಟು ಬಂದಿವೆ ಎಂದು ನನಗೆ ಗೊತ್ತಿತ್ತು. ನಾಲಿಗೆಯ ತುದಿಗೂ ಬಂತು. "ಅದನ್ನ ಅವಳನ್ನೇ ಕೇಳಿ ತಾಯಿ" ಅಂದೆ. ಆಕೆ ಪೆಚ್ಚಾಗಿ ಮುಖ ತಿರುಗಿಸಿದಾಗ ನನ್ನ ಹೊಟ್ಟೆಯಲ್ಲಿ ಏನಾದರೂ ಹೇಳಲೇಬೇಕೆಂಬ ಸಂಕಟ ಶುರುವಾಯಿತು. ತಡೆಯಲಾಗದೆ ಹೇಳಿಯೇಬಿಟ್ಟೆ: "ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲು, ಗೊತ್ತಾ?"

ಆಕೆ ನನ್ನ ಕೊರಳಲ್ಲಿದ್ದ ಕಾಲೇಜಿನ ಐಡಿ ಕಾರ್ಡು ನೋಡಿದರು, ನನ್ನ ಮುಖ ನೋಡಿದರು. "ಖರೇನ ಏನ್ರೀ? ಮತ್ತ ಇಷ್ಟ್ ದೊಡ್ಡ ಆಫೀಸಿನಾಗ ಕುಂತೀರಲ್ರೀ!"

"ಖರೇನೇ. ಇದನ್ನ ಯಾರಿಗೆ ಬೇಕಾದ್ರೂ ಹೇಳ್ಬಹುದು. ನಿಮ್ಮ ಯಜಮಾನರಿಗಂತೂ ಇವತ್ತೇ ಹೇಳ್ಬಿಡಿ."