ಪಿಲ್ಸುನ್ ತಿರುಗಿಸಿದ ನೀರು

ಕೊಡೊಲ್ ಊರಿನಲ್ಲಿ ಪಿಲ್ಸುನ್‌ಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ, ಎಂದೋ ಸತ್ತುಹೋದ ಅವಳ ಗಂಡ. ಇನ್ನೊಬ್ಬಳು, ಬಸ್ ನಿಲ್ದಾಣದ ಪಕ್ಕದ ಕಿವುಡಿ. ಉಳಿದವರೆಲ್ಲ ಅವಳ ಅಂಗಳ ದಾಟುವಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ಆದರೂ ಬೆಟ್ಟ ಹತ್ತಲು ಬರುವ ಪಟ್ಟಣದವರು ಅವಳ ಜಗಲಿಗೇ ಬಂದು ಕೂರುತ್ತಿದ್ದರು. ಅವಳು ಇಳಿಸುವ ಅಕ್ಕಿಯ ಬಿಳಿ ಹೆಂಡ, ಈರುಳ್ಳಿ ಸೊಪ್ಪು ಹಾಸಿ ಹುಯ್ಯುವ ದೋಸೆ ಸುತ್ತಮುತ್ತ ಎಲ್ಲೂ ಸಿಗುತ್ತಿರಲಿಲ್ಲ. ಬೈಸಿಕೊಂಡು ತಿಂದರೆ ರುಚಿ ಇನ್ನೂ ಜಾಸ್ತಿ ಎಂದು ನಗುತ್ತಿದ್ದರು, ಪಾಪ.

ಪಕ್ಕದ ಮನೆ ಅವಳ ವಾರಗಿತ್ತಿ ಮಾಲ್ಜಾಳದು. ಅಣ್ಣತಮ್ಮಂದಿರು ಬೆಟ್ಟದ ಬುಡದಲ್ಲಿ ಅಕ್ಕಪಕ್ಕ ಕಟ್ಟಿಕೊಂಡ ಎರಡು ಮನೆಗಳು ಅವು. ಅಣ್ಣ ಹೋದ, ತಮ್ಮ ಹೋದ, ಉಳಿದವರು ಈ ಇಬ್ಬರು ಹೆಂಗಸರು. ಪಿಲ್ಸುನ್ ಹಿರಿಯ ಸೊಸೆ. ಹಿರಿಯ ಸೊಸೆ ಅಂದರೆ ಸತ್ತ ಹಿರಿಯರಿಗೆ ಎಡೆ ಇಡುವವಳು, ಮನೆಯ ಎಲ್ಲ ಕಾರ್ಯಕ್ಕೂ ಮುಂದೆ ನಿಲ್ಲುವವಳು. ಆದರೆ ಪಿಲ್ಸುನ್ ಹೆತ್ತದ್ದು ಮೂರೂ ಹೆಣ್ಣು, ಮಾಲ್ಜಾ ಹೆತ್ತದ್ದು ಗಂಡು. ಮಾವ ಸಾಯುವ ಮುಂಚೆ ಎಡೆ ಇಡುವ ಹಕ್ಕನ್ನು ಕಿರಿಯವನ ಮನೆಗೆ ದಾಟಿಸಿಬಿಟ್ಟ. ಅಂದಿನಿಂದ ಎಡೆಯ ದಿನ ಪಿಲ್ಸುನ್ ಕಿರಿಯವಳ ಅಡುಗೆಮನೆಗೆ ಹೋಗಿ ಮೀನು ಹುರಿದು, ಬೆವರು ಒರೆಸಿಕೊಂಡು, ಹಿಂದಿನ ಸಾಲಿನಲ್ಲಿ ಕೂರಬೇಕಾಯಿತು. ಅವಳು ಕೂತಳು. ಕೂತಷ್ಟು ವರ್ಷವೂ ಹಲ್ಲು ಕಡಿಯುತ್ತಲೇ ಕೂತಳು.

ಮಾಲ್ಜಾಳ ಮಗ ಮೀನಿನ ದೋಣಿಯಲ್ಲಿ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಸೂತಕದ ಬಿಳಿ ಬಟ್ಟೆ ಮಾಲ್ಜಾಳ ಮೈಮೇಲಿರುವಾಗಲೇ ಪಿಲ್ಸುನ್ ಬುಟ್ಟಿ ಹಿಡಿದುಕೊಂಡು ವಾರಗಿತ್ತಿಯ ಬಾಗಿಲಿಗೆ ಬಂದಳು.

“ಮಾಲ್ಜಾ, ಎಡೆ ಇಡೋ ಹಿತ್ತಾಳೆ ಪಾತ್ರೆಗಳನ್ನ ಕೊಡು. ಇನ್ಮೇಲೆ ನಿನ್ ಮನೇಲಿ ಅವಕ್ಕೇನು ಕೆಲಸ?”

ಸಂತಾಪಕ್ಕೆ ಬಂದಿದ್ದ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಮಾಲ್ಜಾ ಎದ್ದಳು. ಪಾತ್ರೆಗಳನ್ನು ಒಂದೊಂದಾಗಿ ತೊಳೆದಳು, ಒರೆಸಿದಳು, ಬಟ್ಟೆಯಲ್ಲಿ ಗಂಟು ಕಟ್ಟಿ ಬುಟ್ಟಿಯಲ್ಲಿಟ್ಟಳು. “ತಗೊಳ್ಳಿ ಅಕ್ಕ,” ಎಂದಳು, ಅಷ್ಟೆ. ಪಿಲ್ಸುನ್‌ಗೆ ಆ ಕ್ಷಣ ಎಲ್ಲೋ ಒಂದು ಮುಳ್ಳು ಚುಚ್ಚಿದ್ದು ನಿಜ. ಆದರೆ ಬುಟ್ಟಿಯ ಭಾರ ಹಿತವಾಗಿತ್ತು.

ಈಗ ದಾರಿಯ ವಿಷಯ. ಕೊಡೊಲ್‌ನ ಹಿಂದಿನಿಂದ ಹೊರಡುವ ಬೆಟ್ಟದ ಬೆನ್ನು ಎಲ್ಲೂ ತುಂಡಾಗದೆ ಉತ್ತರದ ಸಮುದ್ರದವರೆಗೆ ಹೋಗುತ್ತದೆ. ಅದರ ಮೇಲೆ ವಾರಗಟ್ಟಲೆ ನಡೆಯುವುದು ಪಟ್ಟಣದವರ ಹುಚ್ಚು. ಅದು ಶುರುವಾಗುವ ಜಾಗ ಯಾವುದೆಂದು ಮಾತ್ರ ಯಾರಿಗೂ ಖಾತ್ರಿ ಇರಲಿಲ್ಲ. ಒಂದು ಚಾರಣ ಸಂಘದವರು ತಮ್ಮ ಹೆಸರು ಬರೆದ ಬಣ್ಣದ ರಿಬ್ಬನ್ನನ್ನು ಗುಡಿಯ ಬಾಗಿಲ ಬಳಿಯ ಮರಕ್ಕೆ ಕಟ್ಟಿದರೆ, ಇನ್ನೊಂದು ಸಂಘದವರು ಬಸ್ ನಿಲ್ದಾಣದ ಕಂಬಕ್ಕೆ ಕಟ್ಟುತ್ತಿದ್ದರು. ನಂದು ನಿಜ ನಿಂದು ಸುಳ್ಳು ಎಂದು ಹೆಂಡದ ಮುಂದೆ ಜಗಳ ಬೇರೆ.

ಈ ಜಗಳವನ್ನು ಮುಗಿಸಿಯೇ ತೀರುತ್ತೇನೆಂದು ಬಂದವನು ಟಾಕ್ ಗೀಜುನ್. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದವನು, ದೊಡ್ಡದೊಂದು ಚಾರಣ ಸಂಘದ ಮುಖಂಡ. ಒಂದು ಮಧ್ಯಾಹ್ನ ಪಿಲ್ಸುನ್‌ಳ ಜಗಲಿಯಲ್ಲಿ ಹೆಂಡ ಹೀರುತ್ತ ಅವನು ಕೋಲಿನಿಂದ ಮಣ್ಣಿನ ಮೇಲೆ ಗೀಚಿ ತೋರಿಸಿದ.

“ನೋಡಿ ಅಮ್ಮ, ಬೆಟ್ಟ ಇಲ್ಲಿ ಕೊನೇಲಿ ಹಂದಿ ಗೊರಸಿನ ಹಾಗೆ ಎರಡಾಗುತ್ತೆ. ಒಂದು ತುದಿ ನಿಮ್ಮ ಅಡುಗೆಮನೆ ಹಿಂದಿನ ದಿಬ್ಬ. ಇನ್ನೊಂದು ಪಕ್ಕದ ಮನೆಯಮ್ಮನ ಬೆಳ್ಳುಳ್ಳಿ ಪಾತಿ. ಎರಡರಲ್ಲಿ ಒಂದೇ ನಿಜವಾದ ಶುರು.”

“ಯಾವ್ದದು?”

“ನಮ್ಮ ಹಿಂದಿನವರು ಒಂದೇ ನಿಯಮ ಇಟ್ಟಿದಾರೆ. ಬೆಟ್ಟ ನೀರು ದಾಟಲ್ಲ. ನಿಮ್ಮ ದಿಬ್ಬದ ಹಿಂದೆ ಆ ಒರತೆ ನೀರು ಹರೀತಾ ಇದೆಯಲ್ಲ, ಅದು ನಿಮ್ಮ ದಿಬ್ಬಾನ ಬೆಟ್ಟದಿಂದ ಕತ್ತರಿಸಿ ಹಾಕಿದೆ. ಹಾಗಾಗಿ ಶುರು ಆ ಕಡೆ. ಬರೋ ವಸಂತಕ್ಕೆ ಇನ್ನೊಂದ್ಸಲ ನೋಡ್ಕೊಂಡು ಕಲ್ಲು ನೆಡಿಸ್ತೀವಿ.”

“ಅವಳ ಬೆಳ್ಳುಳ್ಳಿ ಪಾತೀಲಾ?”

“ಏನ್ಮಾಡೋದಮ್ಮ, ನೀರು ಹೇಳಿದ ಹಾಗೆ ಕೇಳ್ಬೇಕು.”

ಪಿಲ್ಸುನ್ ಅವನ ಮುಂದಿದ್ದ ತಟ್ಟೆಯನ್ನು, ಅದರಲ್ಲಿ ಇನ್ನೂ ದೋಸೆ ಇರುವಾಗಲೇ, ಎತ್ತಿಕೊಂಡು ಒಳಗೆ ಹೋದಳು. ಮಗ ಹೋದರೂ, ಮನೆ ಬರಿದಾದರೂ, ಇವಳೇ ಮತ್ತೆ ಮೊದಲು. ಬೆಟ್ಟ ಕೂಡ ಕಿರಿಯವಳ ಮನೆಯನ್ನೇ ಹುಡುಕಿಕೊಂಡು ಹೋಗಬೇಕೆ?

ಚಳಿಗಾಲದ ಉಪ್ಪಿನಕಾಯಿ ಕಿಮ್ಚಿಗೆಂದು ಎಲೆಕೋಸಿಗೆ ಉಪ್ಪು ಹಾಕುವ ಹೊತ್ತಿಗೆ ಮಾಲ್ಜಾ ಪಟ್ಟಣದ ತಂಗಿಯ ಮನೆಗೆ ಹೋದಳು. ಪಿಲ್ಸುನ್ ಗುದ್ದಲಿ ಹೆಗಲಿಗೇರಿಸಿಕೊಂಡು ಬೆಟ್ಟ ಗೊರಸಿನಂತೆ ಸೀಳಿಕೊಳ್ಳುವ ಜಾಗಕ್ಕೆ ಹತ್ತಿದಳು. ಅಲ್ಲಿಯ ಒರತೆ ಒಂದು ಮೊಳ ಅಗಲವೂ ಇರಲಿಲ್ಲ. ಇತ್ತ ಕಡೆಯ ಕಾಲುವೆಗೆ ಒಡೆದ ಮಡಕೆ ಚೂರು, ಒಲೆಯ ಬೂದಿ, ಮಣ್ಣು ತುಂಬಿ ತುಳಿದಳು. ಅತ್ತ ಕಡೆಗೆ ಮಾಲ್ಜಾಳ ಬೆಳ್ಳುಳ್ಳಿ ಪಾತಿಯ ಹಿಂಬದಿಯಿಂದ ಹಾಯುವ ಹಾಗೆ ಹೊಸ ಕಾಲುವೆ ತೋಡಿದಳು. ಮುಚ್ಚಿದ ಕಡೆ ಪೈನ್ ಮರದ ಒಣಗಿದ ಎಲೆ ಹರಡಿದಳು. ನೀರಿಗೇನು, ಇಳಿಜಾರು ಸಿಕ್ಕಿದ ಕಡೆ ಹೋಯಿತು. ಎಪ್ಪತ್ತರ ಮುದುಕಿ ಬೆಟ್ಟದ ತಲೆಯನ್ನು ತನ್ನ ಹಿತ್ತಿಲಿಗೆ ಎಳೆದುಕೊಂಡು, ಕೈ ತೊಳೆದು ಊಟಕ್ಕೆ ಕೂತಳು.

ಮಾಲ್ಜಾ ವಾಪಸು ಬಂದ ದಿನವೇ ಬೇಲಿಯ ಹತ್ತಿರ ನಿಂತಳು.

“ಅಕ್ಕಾ, ನೀರು ನಮ್ಮನೆ ಹಿಂದೆ ಹರೀತಾ ಇದೆ.”

“ಹರೀಲಿ ಬಿಡು. ನಾನೇನು ನೀರಿಗೆ ಮೂಗುದಾರ ಹಾಕಿದೀನಾ?”

“ನಿಮ್ಮ ಗುದ್ದಲೀಲಿ ಹಸಿ ಮಣ್ಣಿದೆ.”

“ಹೌದು, ಮೂಲಂಗಿ ಹೂತಿಡೋಕೆ ಗುಂಡಿ ತೆಗೆದೆ. ನಿನಗೂ ಒಂದು ತೆಗೆದುಕೊಡ್ಲಾ? ಒಬ್ಬಳೇ ಇದೀಯ, ಯಾವತ್ತಾದ್ರೂ ಬೇಕಾಗುತ್ತೆ.”

ಮಾಲ್ಜಾ ಅವಳ ಮುಖವನ್ನೇ ನೋಡಿದಳು. ಆಮೇಲೆ ತಲೆಬಾಗಿಸಿ ಒಳಗೆ ಹೋದಳು.

ವಸಂತದಲ್ಲಿ ಟಾಕ್ ತನ್ನ ದಂಡಿನೊಂದಿಗೆ ಬಂದ. ಯಾವ ಕಡೆ ಇಳಿಯುತ್ತದೆಂದು ಬಾಟಲಿಯಿಂದ ನೀರು ಹನಿಸಿ ಹನಿಸಿ ನೋಡಿದ, ಕಾಲುವೆಯ ಉದ್ದಕ್ಕೂ ನಡೆದ, ತಲೆ ಕೆರೆದುಕೊಂಡ. ಹೋದ ಸಲ ತಾನು ನೋಡಿದ್ದು ಇನ್ನೊಂದು ಥರ. ಆದರೆ ಓದಿದವನಲ್ಲವೆ, ಕಾರಣ ಹುಟ್ಟಿಸಿಕೊಳ್ಳುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ? “ಆವತ್ತು ನಾನು ನೋಡಿದ್ದು ಬರೀ ಮಳೆ ನೀರು. ನಿಜವಾದ ಒರತೆ ಇದು,” ಎಂದು ಸಾರಿಬಿಟ್ಟ. ಇಂಥವರಿಗೆ ಮನುಷ್ಯರು ಸುಳ್ಳು ಹೇಳುತ್ತಾರೆಂಬುದು ಗೊತ್ತು. ನೀರೂ ಹೇಳಬಹುದೆಂಬುದು ಅವರ ಕನಸಿನಲ್ಲೂ ಬರುವುದಿಲ್ಲ.

ಕಲ್ಲು ನೆಡುವ ದಿನ ಪಿಲ್ಸುನ್‌ಳ ಅಂಗಳದಲ್ಲಿ ಬೆಟ್ಟದ ದೇವರಿಗೆ ಪೂಜೆಯಾಯಿತು. ಬೇಯಿಸಿದ ಹಂದಿತಲೆಯನ್ನು ಮೇಜಿನ ಮೇಲೆ ಇಟ್ಟರು. ತಲೆ ನಗುಮುಖದ್ದಾದರೆ ಶುಭ ಎನ್ನುತ್ತಾರೆ, ಇದು ಕಿವಿಯವರೆಗೂ ನಗುತ್ತಿತ್ತು. ಪಟ್ಟಣದ ದೊಡ್ಡ ದೊಡ್ಡ ಮನುಷ್ಯರು ಅದರ ಬಾಯಿಗೆ ನೋಟು ಸಿಕ್ಕಿಸಿ ಪಿಲ್ಸುನ್‌ಳ ಅಡುಗೆಮನೆಯ ಗೋಡೆಯ ಕಡೆಗೆ ತಿರುಗಿ ಅಡ್ಡಬಿದ್ದರು. ಪಿಲ್ಸುನ್ ಮದುವೆಯ ರೇಷ್ಮೆ ಉಟ್ಟು ಜಗಲಿಯ ನಡುವೆ ಕೂತಿದ್ದಳು. ಬದುಕಿನಲ್ಲಿ ಅಷ್ಟು ಸಂತೋಷ ಅವಳಿಗೆ ಇನ್ಯಾವತ್ತೂ ಆಗಿರಲಿಲ್ಲ.

“ಮಾಲ್ಜಾ!” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. “ಬಾ, ಹಂದಿ ಕಿವಿ ಹೆಚ್ಚಿಕೊಡು. ಇವತ್ತು ನಮ್ಮನೇಲಿ ಕೂರೋಕೂ ಜಾಗ ಇಲ್ಲ, ನೀನು ಹಿತ್ತಿಲಲ್ಲೇ ಕೂತ್ಕೊಂಡು ಹೆಚ್ಚು.”

ಮಾಲ್ಜಾ ಬಂದು ಹಿತ್ತಿಲಲ್ಲಿ ಕೂತು ಹೆಚ್ಚಿದಳು. ತೆಳ್ಳಗೆ, ಒಂದೇ ಸಮ ಹೆಚ್ಚಿದಳು. ಅಡುಗೆಮನೆಯ ಹಿಂದೆ ನೆಟ್ಟ ಕಲ್ಲಿನ ಮುಂಭಾಗದಲ್ಲಿ ದಾರಿಯ ಹೆಸರು, ಹಿಂಭಾಗದಲ್ಲಿ ಅದರ ಶುರುವನ್ನು ಕಂಡುಹಿಡಿದ ಟಾಕ್ ಗೀಜುನ್‌ನ ಹೆಸರು.

ಮುಂದಿನ ವರ್ಷಗಳ ಮಳೆಗಾಲದ ನೀರು ಹೊಸ ಕಾಲುವೆಯನ್ನು ಸೊಂಟದಾಳ ಕೊರೆಯಿತು. ದಂಡೆಯಲ್ಲಿ ಜರಿಗಿಡ ಬೆಳೆದವು. ಅಜ್ಜನ ಕಾಲದಿಂದಲೂ ಅಲ್ಲೇ ಇದ್ದದ್ದು ಎಂದರೆ ಯಾರಾದರೂ ನಂಬಬೇಕು, ಹಾಗಾಯಿತು. ದಾರಿಗೆ ಹೆಸರು ಬಂತು. ಬಸ್ಸುಗಟ್ಟಲೆ ಜನ ಬಂದರು. ಆಮೇಲೆ ಅಳತೆಪಟ್ಟಿ ಹಿಡಿದುಕೊಂಡು ಸರ್ಕಾರದವರೂ ಬಂದರು.

“ಇಲ್ಲಿ ಜನ ಸೇರೋಕೆ ದೊಡ್ಡ ಅಂಗಳ ಮಾಡ್ತೀವಮ್ಮ,” ಎಂದ ಅಧಿಕಾರಿ, ತುಂಬ ಮರ್ಯಾದೆಯಿಂದಲೇ. “ನಿಮ್ಮ ಅಡುಗೆಮನೆ ಸರಿಯಾಗಿ ಶುರುವಿನ ಮೇಲೇ ಕೂತಿದೆ. ಮನೆ ತೆಗೀಬೇಕಾಗುತ್ತೆ.”

ಮನೆ ಪಿಲ್ಸುನ್‌ಳದು, ನೆಲ ಕುಲದವರದು. ಹಳೆಯ ಮನೆಗಳೆಲ್ಲ ಹಾಗೆಯೇ. ಕುಲದ ಹಿರಿಯರು ತಮ್ಮ ಊರಿಗೆ ಕೀರ್ತಿ ಬಂತೆಂದು ಅದನ್ನು ಸರ್ಕಾರಕ್ಕೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟುಬಿಟ್ಟಿದ್ದರು. ಆ ಗೋಡೆಗೆ ಮಣ್ಣು ಮೆತ್ತಿದವಳು ಪಿಲ್ಸುನ್. ಆ ಒಲೆಯ ಪಕ್ಕದ ಕೋಣೆಯಲ್ಲೇ ಮೂರೂ ಮಕ್ಕಳನ್ನು ಹೆತ್ತವಳು. ಅವಳು ಹುಡುಗಿಯಂತೆ ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು.

ಟಾಕ್‌ನನ್ನು ಕರೆಸಿದರು. ಪಿಲ್ಸುನ್ ಅವನೆದುರೇ ಗುದ್ದಲಿ ತಂದು ಹಳೆಯ ಕಾಲುವೆ ಇದ್ದ ಜಾಗವನ್ನು ಅಗೆದಳು. ಮಡಕೆ ಚೂರು ಬಂತು, ಬೂದಿ ಬಂತು.

“ನೋಡಿ, ನಾನೇ ತುಂಬಿದ್ದು! ನೀರು ಇಲ್ಲೇ ಹರೀತಿತ್ತು! ನೀವೇ ಕಣ್ಣಾರೆ ನೋಡಿದೀರಿ ಸ್ವಾಮಿ!”

“ಹಿತ್ತಿಲಲ್ಲಿ ಕಸ ಹೂತಿದೀರಿ, ಅಷ್ಟೇ,” ಎಂದ ಟಾಕ್. ಅವನ ಮುಖ ಕೆಂಪಾಗಿತ್ತು, ಕಣ್ಣು ಕಲ್ಲಿನ ಹಿಂಭಾಗದ ಮೇಲಿತ್ತು. “ಅಮ್ಮ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಹಾಗಂತ ಬೆಟ್ಟದ ಮೇಲೆ ಸುಳ್ಳು ಹೇಳಬಾರದು. ಒಬ್ಬ ಮುದುಕಿ ಗುದ್ದಲೀಲಿ ಬೆಟ್ಟಾನ ತಿರುಗಿಸ್ತಾಳಾ?” ಸುತ್ತ ನಿಂತವರು ನಕ್ಕರು.

“ಮಾಲ್ಜಾನ ಕೇಳಿ! ಅವಳು ಸುಳ್ಳು ಹೇಳೋಳಲ್ಲ, ಊರಿಗೇ ಗೊತ್ತು. ಅವಳ ಕಡೆ ಬೆಳ್ಳುಳ್ಳಿ ಪಾತಿ ಹೋಗುತ್ತೆ, ಅಷ್ಟೇ. ಯಾರ ಮನೇನೂ ಬೀಳಲ್ಲ.”

ಅವಳು ಓಡಿಹೋಗಿ ಮಾಲ್ಜಾಳ ಎರಡೂ ಕೈ ಹಿಡಿದುಕೊಂಡು ಎಳೆತಂದಳು. ಅಷ್ಟು ವರ್ಷದಲ್ಲಿ ಆ ಕೈ ಮುಟ್ಟಿದ್ದು ಅದೇ ಮೊದಲು.

“ಹೇಳು ತಾಯಿ, ಮೊದಲು ನೀರು ಎಲ್ಲಿ ಹರೀತಿತ್ತು? ಹೇಳೇ. ನಿನ್ನ ಕಾಲಿಗೆ ಬೀಳ್ತೀನಿ.”

ಮಾಲ್ಜಾ ಅಧಿಕಾರಿಯ ಕಡೆ ತಿರುಗಿ ಸಣ್ಣಗೆ ತಲೆಬಾಗಿಸಿದಳು.

“ನಾನು ಮದುವೆಯಾಗಿ ಬಂದಾಗಿಂದ ನಮ್ಮನೆ ಹಿಂದೇನೇ ಹರೀತಿದೆ ಸ್ವಾಮಿ. ನಮ್ಮಕ್ಕಂಗೆ ವಯಸ್ಸಾಯ್ತು. ಮನೆ ಹೋಗುತ್ತೆ ಅಂತ ತಲೆ ಕೆಟ್ಟಿದೆ. ಬೇಜಾರು ಮಾಡ್ಕೋಬೇಡಿ.”

ಆಮೇಲೆ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

ಮನೆ ಒಂದೇ ಬೆಳಿಗ್ಗೆ ನೆಲಕ್ಕೆ ಬಿತ್ತು. ಹೆಣ್ಣುಮಕ್ಕಳು ಮೂವರೂ ಬಾಡಿಗೆಯ ಗೂಡುಗಳಲ್ಲಿ ಇದ್ದವರು, ಫೋನಿನಲ್ಲಿ ಅತ್ತರು, ಬಾ ಎಂದು ಯಾರೂ ಕರೆಯಲಿಲ್ಲ. ಕರೆದವಳು ಮಾಲ್ಜಾ. ಹಿಂದಿನ ಕೋಣೆ ಗುಡಿಸಿ, ಚಾಪೆ ಹಾಸಿ, ಹಿರಿಯವಳಿಗೆ ಮೊದಲ ಅನ್ನ ಬಡಿಸಿದಳು. ಎಂಥ ವಾರಗಿತ್ತಿ, ದೇವರಂಥವಳು ಎಂದು ಊರೆಲ್ಲ ಕೊಂಡಾಡಿತು. ಪಿಲ್ಸುನ್‌ಗೆ ಬಾಯಿ ಬಿಡುವ ಹಾಗಿರಲಿಲ್ಲ. ತಿನ್ನುವ ಅನ್ನ ಮಾಲ್ಜಾಳದು.

ಈಗ ಬಸ್ ಇಳಿಯುವವರು ನೇರ ಮಾಲ್ಜಾಳ ಜಗಲಿಗೆ ಬರುತ್ತಾರೆ. “ಅಜ್ಜಿ, ದಾರಿ ಸರಿಯಾಗಿ ಎಲ್ಲಿಂದ ಶುರು?” ಎನ್ನುತ್ತಾರೆ. ಕಲ್ಲು ಅಲ್ಲಿಂದ ಕೂಗಳತೆಯಲ್ಲಿದೆ, ಮಾಲ್ಜಾ ಕೂತಲ್ಲಿಂದಲೇ ಬೆರಳು ತೋರಿಸಬಹುದು. ಆದರೆ ಒಂದು ದಿನವೂ ತೋರಿಸಿದವಳಲ್ಲ.

“ಅಯ್ಯೋ, ಅದನ್ನ ನಮ್ಮಕ್ಕನೇ ಹೇಳ್ಬೇಕಪ್ಪ. ಹಿರಿಯವರು ಇರೋವಾಗ ನಾನು ಬಾಯಿ ಹಾಕ್ತೀನಾ?” ಎಂದು ಒಳಗೆ ತಿರುಗುತ್ತಾಳೆ. “ಅಕ್ಕಾ! ಬನ್ನಿ, ಜನ ಬಂದಿದಾರೆ.”

ಪಿಲ್ಸುನ್ ಬರುತ್ತಾಳೆ. ಹೊಸ್ತಿಲಲ್ಲೇ ನಿಂತು, “ಅಗೋ, ಅಲ್ಲಿ,” ಎನ್ನುತ್ತಾಳೆ.

“ಹಾಗಂದ್ರೆ ಹೇಗೆ ಅಕ್ಕ? ಪಾಪ, ದೂರದಿಂದ ಬಂದಿದಾರೆ. ಕರ್ಕೊಂಡು ಹೋಗಿ ತೋರಿಸಿ. ನಿಮ್ಮ ಒಲೆ ಎಲ್ಲಿತ್ತು ಅಂತ ಹೇಳಿ, ಅಲ್ಲಿಂದಾನೇ ಅಲ್ವಾ ಶುರು?”

ಪಿಲ್ಸುನ್ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಅವರ ಮುಂದೆ ನಡೆಯುತ್ತಾಳೆ.