ನನ್ನ ಹೆಸರಿಗೆ ಬಂದ ಕಾಗದ

ಅರವತ್ತೈದರ ಯುದ್ಧದ ಹೊತ್ತಿಗೆ ನಾನು ಹೊಸನಗರದ ಕಡೆಯ ಗೇಣಿದಾರರ ಮನೆಗೆ ಹೊಸ ಸೊಸೆ. ಗಂಡ ಮಿಲಿಟರಿಯಲ್ಲಿದ್ದರು. ಹನ್ನೆರಡು ದಿನದ ರಜೆಗೆ ಬಂದು, ಮದುವೆಯಾಗಿ, ನನ್ನ ಮುಖ ಸರಿಯಾಗಿ ನೋಡುವ ಮೊದಲೇ ಹೊರಟುಹೋಗಿದ್ದರು.

ಅವರ ಕಾಗದವೆಲ್ಲ ಬರುತ್ತಿದ್ದದ್ದು ನಾವು ಗೇಣಿಗೆ ಮಾಡುತ್ತಿದ್ದ ಗದ್ದೆಯ ಒಡೆಯರ ಹೆಸರಿಗೆ. ನಮ್ಮ ಮನೆಯಲ್ಲಿ ಅವರೊಬ್ಬರನ್ನು ಬಿಟ್ಟು ಯಾರಿಗೂ ಓದು ಬಾರದೆಂದು ಮೊದಲಿನಿಂದ ಹಾಗೇ ರೂಢಿ. ಒಡೆಯರು ಜಗಲಿಯ ಮೇಲೆ ಕೂತು ನಾಲ್ಕು ಜನರ ಎದುರು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ, ನಾನು ಅಂಗಳದಲ್ಲಿ ನಿಂತು ಕೇಳಬೇಕು. ಮೊದಲು ಒಡೆಯರಿಗೆ ಸಾಷ್ಟಾಂಗ, ಆಮೇಲೆ ಊರವರಿಗೆಲ್ಲ ನಮಸ್ಕಾರ, ಅಮ್ಮನಿಗೆ ಒಂದು ಸಾಲು, ಕೊನೆಗೆ ಎತ್ತಿನ ಕ್ಷೇಮ. ಎತ್ತಿನ ನೆನಪಿರುವ ಮನುಷ್ಯನಿಗೆ ನನ್ನ ನೆನಪಿಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಒಡೆಯರ ಬಾಯಲ್ಲಿ ಹೆಂಡತಿಗೆ ಏನೆಂದು ಹೇಳಿಸಿಯಾರು ಎಂಬುದು ಹೊಳೆದದ್ದು ಎಷ್ಟೋ ದಿನದ ಮೇಲೆ.

ಯುದ್ಧ ಶುರುವಾದ ಮೇಲೆ ಒಂದು ಕಾಗದ ಬಂತು. "ನಿನ್ನ ಮಗ ಗುಂಡಿಗೆ ಎದೆ ಕೊಡ್ತಾನಂತೆ ಕಣೇ!" ಎಂದು ಒಡೆಯರು ನಕ್ಕರು. ಅತ್ತೆ ಗಳಗಳನೆ ಅತ್ತರು. ನನಗೆ ತಡೆಯಲಾಗಲಿಲ್ಲ.

"ಇಲ್ಲಿ ಕೊಡಿ ಒಡೇರೇ. ನಂಗೆ ಓದಕ್ಕೆ ಬತ್ತದೆ."

ಎಲೆಯಡಿಕೆ ಜಗಿಯುತ್ತಿದ್ದ ಬಾಯಿಗಳೆಲ್ಲ ನಿಂತುಹೋದವು. ತೀರ್ಥಹಳ್ಳಿಯ ತವರಿನಲ್ಲಿ ನಾನು ಐದನೇ ಕ್ಲಾಸಿನವರೆಗೆ ಕಲಿತಿದ್ದೆ. ಇಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಗದ್ದೆ ಬ್ಯಾಡ್ವೇನೇ ನಿಮಗೆ?" ಎಂದರು ಒಡೆಯರು.

ಅತ್ತೆ ನನ್ನ ಸೆರಗು ಜಗ್ಗಿದರು. ಗದ್ದೆ ಬಿಡಿಸಿದರೆ ಉಪವಾಸವೇ ಗತಿಯೆಂದು ನನಗೂ ಗೊತ್ತಿತ್ತು. ಆದರೂ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಒಡೆಯರು ಕಾಗದವನ್ನು ಅಂಗಳಕ್ಕೆ ಎಸೆದರು. ಹೆಕ್ಕಿಕೊಂಡು, ಮಣ್ಣು ಕೊಡವಿ, ಮನೆಗೆ ತಂದೆ. ಅದರಲ್ಲಿದ್ದ ವಿಳಾಸಕ್ಕೆ ಅವತ್ತೇ ಬರೆದೆ: "ಇನ್ನು ಮೇಲೆ ನನ್ನ ಹೆಸರಿಗೆ ಬರೆಯಿರಿ. ಓದುವವಳು ನಾನು."

ಉತ್ತರ ಬರಲು ತಿಂಗಳಾಯಿತು. ಅಷ್ಟು ದಿನವೂ ಅತ್ತೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕಡೆಗೊಮ್ಮೆ ಟಪಾಲಿನವನು ಬಂದು ನನ್ನ ಹೆಸರು ಕೂಗಿದ. ಕೊಟ್ಟಿಗೆಯ ಹಿಂದೆ ಹೋಗಿ ಒಡೆದೆ.

"ನೀನೇ ಓದ್ತೀಯ ಅಂತ ಗೊತ್ತಿದ್ರೆ ಮೊದ್ಲೇ ಬರೀತಿದ್ದೆ. ನಂಗೆ ಇಲ್ಲಿ ಬಹಳ ಹೆದರಿಕೆ ಆಗ್ತದೆ. ಯಾರ ಹತ್ರಾನೂ ಹೇಳ್ಬೇಡ."

ಮೂರು ಸಲ ಓದಿದೆ. ಅತ್ತು ಮುಗಿಸಿ ಒಳಗೆ ಬಂದು, "ಆರಾಮಿದ್ದಾರಂತೆ" ಎಂದು ಅತ್ತೆಗೆ ಹೇಳಿದೆ.

ಮಾರನೇ ದಿನ ಒಡೆಯರು ನಮ್ಮ ಗದ್ದೆಯ ಬದುವಿಗೇ ಬಂದರು. "ಎಂತ ಬರ್ದಾನೆ ನಿನ್ನ ಗಂಡ? ಅದನ್ನ ಹೇಳು, ಗದ್ದೆ ಮಾತು ಆಮೇಲೆ ಆಡನ."

ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನಿಂತೆ.

"ಅದು ನಂಗೆ ಬರ್ದಿದ್ದು, ಒಡೇರೇ."